ನೃಪತುಂಗನ ವಿವೇಕ

ಹುಬ್ಬಳ್ಳಿಯ ವಿದ್ಯಾನಗರದಿಂದ ಉಣಕಲ್ಲಿನ ಕಡೆಗೆ ಹೋಗುವವರಿಗೆ ಊರಿಗೆಲ್ಲ ಎತ್ತರವಾಗಿ ನಿಂತ ಒಂದು ಗುಡ್ಡವು ಕಾಣಿಸುತ್ತದೆ. ಅದಕ್ಕೆ ನೃಪತುಂಗ ಬೆಟ್ಟವೆಂದು ಹೆಸರು. ಬೆಂಗಳೂರಿನಲ್ಲಿಯೂ ಇದೇ ಹೆಸರಿನ ಒಂದು ದೊಡ್ಡ ರಸ್ತೆಯಿದೆ. ಸಂಜೆಯ ತಂಗಾಳಿಗಾಗಿ ಬೆಟ್ಟವನ್ನೇರುವವರೂ ಕಚೇರಿಯ ಕೆಲಸಕ್ಕಾಗಿ ಆ ರಸ್ತೆಯನ್ನು ಹಿಡಿಯುವವರೂ ದಿನವೂ ಈ ಹೆಸರನ್ನು ಉಚ್ಚರಿಸುತ್ತಾರೆ. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಬಾಲ್ಯ ಕಳೆಯುವ ಮೊದಲೇ ಸಿಂಹಾಸನವನ್ನೇರಿ, ಅದನ್ನು ಕಳೆದುಕೊಂಡು, ಮರಳಿ ಪಡೆದು, 64 ವರ್ಷಗಳ ಕಾಲ ಆಳಿದ ಅರಸನೊಬ್ಬನ ಹೆಸರಿದು. ಬಲದಿಂದ ದೊಡ್ಡವರಾದ ಅರಸರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ವಿವೇಕದಿಂದ ದೊಡ್ಡವನಾದವನು ಈತನು.

ಯೆಹೂದ್ಯರ ಪ್ರಾಚೀನ ಗ್ರಂಥಗಳಲ್ಲಿ, ಕ್ರೈಸ್ತರು ಪೂಜ್ಯವೆಂದು ಓದುವ ಬೈಬಲ್ಲಿನಲ್ಲಿ, ಸೊಲೊಮೋನನೆಂಬ ಅರಸನ ಕಥೆಯಿದೆ. ತಂದೆ ದಾವೀದನ ತರುವಾಯ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಆತನಿಗೆ ಗಿಬ್ಯೋನೆಂಬ ಊರಿನಲ್ಲಿ ದೇವರು ಕನಸಿನಲ್ಲಿ ಕಾಣಿಸಿಕೊಂಡು ಬೇಕಾದ ವರವನ್ನು ಬೇಡೆಂದು ಹೇಳಿದನಂತೆ. ಸೊಲೊಮೋನನು ಸಿರಿಯನ್ನು ಕೇಳಲಿಲ್ಲ, ದೀರ್ಘಾಯುಷ್ಯವನ್ನು ಕೇಳಲಿಲ್ಲ, ಶತ್ರುಗಳ ನಾಶವನ್ನೂ ಕೇಳಲಿಲ್ಲ. ತಾನಿನ್ನೂ ಚಿಕ್ಕವನು, ಪ್ರಜೆಗಳಾದರೋ ಅಸಂಖ್ಯಾತರು, ಅವರಿಗೆ ನ್ಯಾಯ ಹೇಳಲು ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಿ ತಿಳಿಯುವ ಬುದ್ಧಿಯನ್ನು ಕೊಡಬೇಕೆಂದು ಬೇಡಿಕೊಂಡನು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡಿದಾಗ ನಿಜವಾದ ತಾಯಿಯನ್ನು ಆತನು ಕಂಡುಹಿಡಿದ ಬಗೆ ಲೋಕಪ್ರಸಿದ್ಧವಾಗಿದೆ. ಆದರೆ ಆ ಗ್ರಂಥವೇ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತದೆ. ದೇವಾಲಯ ಅರಮನೆಗಳ ನಿರ್ಮಾಣಕ್ಕಾಗಿ ಆತನು ಹೇರಿದ ಬಿಟ್ಟಿಯ ದುಡಿಮೆಯಿಂದ ಜನರು ಬೇಸತ್ತರು. ಆತನು ತೀರಿಕೊಂಡ ಕೂಡಲೇ, ಮಗ ರೆಹಬ್ಬಾಮನ ಕಾಲದಲ್ಲಿ, ರಾಜ್ಯವು ಎರಡಾಗಿ ಒಡೆಯಿತು. ವರವಾಗಿ ಬಂದ ಬುದ್ಧಿಯನ್ನು ಕೊನೆಯವರೆಗೆ ಕಾಪಾಡಿಕೊಳ್ಳುವುದು ಅದನ್ನು ಪಡೆಯುವುದಕ್ಕಿಂತ ಕಷ್ಟವೆಂದು ತೋರುತ್ತದೆ.

ನೃಪತುಂಗನಿಗೆ ಅಂತಹ ಕನಸು ಬಿದ್ದುದಾಗಿ ಯಾವ ಶಾಸನವೂ ಹೇಳುವುದಿಲ್ಲ. ಆತನ ವಿವೇಕವು ಸೋಲು, ದಂಗೆ, ಮನೆಯೊಳಗಿನ ವೈರ ಇವುಗಳ ನಡುವೆ ತಡವಾಗಿ ಹಣ್ಣಾದದ್ದು.

ರಾಷ್ಟ್ರಕೂಟ ವಂಶದ ಮೂರನೆಯ ಗೋವಿಂದನು ಮಹಾಪರಾಕ್ರಮಿ. ಆತನ ಸೇನೆಯ ಆನೆ ಕುದುರೆಗಳು ಹಿಮಾಲಯದ ತೊರೆಗಳ ನೀರನ್ನು ಕುಡಿದುವೆಂದು ತಾಮ್ರಶಾಸನವೊಂದು ಹೊಗಳುತ್ತದೆ. ಉತ್ತರದ ದಿಗ್ವಿಜಯವನ್ನು ಮುಗಿಸಿ ಹಿಂದಿರುಗುವಾಗ, ಸುಮಾರು ಕ್ರಿ.ಶ. 800ರಲ್ಲಿ, ಶ್ರೀಭವನವೆಂಬ ಸ್ಥಳದ ಬೀಡಿನಲ್ಲಿ ಆತನಿಗೆ ಒಬ್ಬ ಮಗನು ಹುಟ್ಟಿದನು. ಮಗುವಿಗೆ ಶರ್ವನೆಂದು ಹೆಸರಿಟ್ಟರು. ಯುದ್ಧದ ದಾರಿಯಲ್ಲಿ ಹುಟ್ಟಿದ ಈ ಮಗುವೇ ಮುಂದೆ ಅಮೋಘವರ್ಷ, ನೃಪತುಂಗ, ಅತಿಶಯಧವಳ, ವೀರನಾರಾಯಣ ಮೊದಲಾದ ಬಿರುದುಗಳನ್ನು ಧರಿಸಿದನು. ಯುದ್ಧವನ್ನು ಅತ್ಯಂತ ಕಡಿಮೆ ಪ್ರೀತಿಸಿದ ರಾಷ್ಟ್ರಕೂಟ ಅರಸನೂ ಈತನೇ ಎಂಬುದು ಒಂದು ವಿಚಿತ್ರ.

814ರಲ್ಲಿ ಗೋವಿಂದನು ತೀರಿಕೊಂಡಾಗ ಶರ್ವನ ವಯಸ್ಸು ನಿಮ್ಮ ವಯಸ್ಸಿನಷ್ಟೇ ಇದ್ದಿತು. ನರ್ಮದೆಯ ಆಚೆಯಿಂದ ದಕ್ಷಿಣದ ಕೊನೆಯವರೆಗೆ ಭಯದಿಂದ ತಲೆಬಾಗಿದ್ದ ಅರಸರೆಲ್ಲರೂ ಹುಡುಗನು ಪಟ್ಟಕ್ಕೆ ಬಂದನೆಂಬುದನ್ನು ಕೇಳಿ ತಲೆಯೆತ್ತಿದರು. ಹೊರಗಿನವರು ಹಾಗಿರಲಿ, ಸಾಮಂತರೂ ಅಧಿಕಾರಿಗಳೂ ನೆಂಟರೂ ಒಂದುಗೂಡಿ ದಂಗೆಯೆದ್ದರು. ಕೆಲವೇ ವರ್ಷಗಳಲ್ಲಿ ಬಾಲಕನು ಸಿಂಹಾಸನದಿಂದ ಇಳಿಯಬೇಕಾಯಿತು. ಆ ದಿನಗಳನ್ನು ಆತನು ಎಲ್ಲಿ ಹೇಗೆ ಕಳೆದನೆಂಬ ವಿವರವು ಶಾಸನಗಳಲ್ಲಿಲ್ಲ. ಹೊಗಳಿಕೆಯ ಶಾಸನಗಳು ಸೋಲಿನ ದಿನಚರಿಯನ್ನು ಬರೆದಿಡುವುದಿಲ್ಲವಷ್ಟೆ.

ಆಗ ಆತನ ಕೈ ಹಿಡಿದವನು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಪೈಕಿ ಒಬ್ಬನಾದ ಕರ್ಕನು. ಗೋವಿಂದನ ತಮ್ಮನಾದ ಇಂದ್ರನ ಮಗನೀತನು; ಸುವರ್ಣವರ್ಷನೆಂದು ಬಿರುದು; ಗುಜರಾತಿನ ಲಾಟದೇಶವನ್ನು ಆಳುತ್ತಿದ್ದನು. ಸೈನ್ಯವಿತ್ತು, ಅನುಭವವಿತ್ತು, ರಾಜವಂಶದ ರಕ್ತವಿತ್ತು. ತಾನೇ ಚಕ್ರವರ್ತಿಯಾಗಬೇಕೆಂದು ಆತನು ಬಯಸಿದ್ದರೆ ತಡೆಯುವವರು ಯಾರಿದ್ದರು? ಕರ್ಕನು ದಂಗೆಕೋರರನ್ನು ಅಡಗಿಸಿ, 821ರ ಹೊತ್ತಿಗೆ ತಮ್ಮನನ್ನು ಮತ್ತೆ ಸಿಂಹಾಸನದ ಮೇಲೆ ಕುಳ್ಳಿರಿಸಿ, ತನ್ನ ಪಾಲಿನ ಲಾಟದೇಶದಲ್ಲಿಯೇ ತೃಪ್ತನಾಗಿದ್ದನು. ಅಣ್ಣನ ರಾಜ್ಯವನ್ನು ಕಾದ ಭರತನನ್ನು ನಾವು ನಿತ್ಯ ನೆನೆಯುತ್ತೇವೆ. ಈ ಕರ್ಕನನ್ನು ಇತಿಹಾಸದ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ.

ಸಿಂಹಾಸನವು ಮರಳಿ ದೊರೆತರೂ ನೆಮ್ಮದಿ ದೊರೆಯಲಿಲ್ಲ. ಪೂರ್ವದಲ್ಲಿ ವೆಂಗಿಯ ಚಾಳುಕ್ಯರು ಪ್ರಬಲರಾದರು. ಅಲ್ಲಿಯ ಇಮ್ಮಡಿ ವಿಜಯಾದಿತ್ಯನು ಹನ್ನೆರಡು ವರ್ಷಗಳಲ್ಲಿ ರಟ್ಟರ ಮತ್ತು ಗಂಗರ ಸೇನೆಗಳೊಡನೆ 108 ಯುದ್ಧಗಳನ್ನು ಮಾಡಿ, ಅಷ್ಟೇ ಸಂಖ್ಯೆಯ ಶಿವಾಲಯಗಳನ್ನು ಕಟ್ಟಿಸಿದನೆಂದು ಅವರ ಶಾಸನಗಳು ಹೇಳುತ್ತವೆ. ವಿಂಗವಳ್ಳಿಯಲ್ಲಿ ನೃಪತುಂಗನು ಚಾಳುಕ್ಯರನ್ನು ಸೋಲಿಸಿದನು. ಚಾಳುಕ್ಯಸಮುದ್ರದಲ್ಲಿ ಮುಳುಗಿದ್ದ ರಟ್ಟರಾಜ್ಯಲಕ್ಷ್ಮಿಯನ್ನು ಮೇಲೆತ್ತಿದುದರಿಂದ ಆತನಿಗೆ ವೀರನಾರಾಯಣನೆಂಬ ಬಿರುದು ಬಂದಿತು. ದಕ್ಷಿಣದಲ್ಲಿ ತಲಕಾಡಿನ ಗಂಗರೊಡನೆ ಯುದ್ಧವು ನಿಂತು ನಿಂತು ನಡೆಯಿತು. ಇತ್ತ ಕರ್ಕನು ತೀರಿಕೊಂಡ ಮೇಲೆ ಲಾಟದ ಶಾಖೆಯವರೂ ತಿರುಗಿಬಿದ್ದರು. ಯಾರ ತಂದೆಯು ರಾಜ್ಯವನ್ನು ಉಳಿಸಿಕೊಟ್ಟನೋ ಅವನ ಮಗನಾದ ಧ್ರುವನ ಮೇಲೆಯೇ ಸೇನೆಯನ್ನು ಕಳುಹಿಸಬೇಕಾಯಿತು.

ಈ ಕಷ್ಟಕಾಲದಲ್ಲಿ ನೃಪತುಂಗನಿಗೆ ಬಲಗೈಯಾಗಿ ನಿಂತವನು ಮುಕುಳ ಕುಲದ ಬಂಕೆಯ. ಬನವಾಸಿ ನಾಡಿನ ಆಡಳಿತವನ್ನು ವಹಿಸಿಕೊಂಡಿದ್ದ ಈ ವೀರನ ಹೆಸರಿನಿಂದಲೇ ಹಾವೇರಿ ಜಿಲ್ಲೆಯ ಬಂಕಾಪುರವು ಹುಟ್ಟಿತು. ಗದಗ ಜಿಲ್ಲೆಯ ಕೊಣ್ಣೂರಿನ ಶಾಸನವು ಆತನ ಸಾಹಸವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಗಂಗರ ಮೇಲೆ ದಂಡೆತ್ತಿ ಹೋದ ಬಂಕೆಯನು ಕೈದಾಳದ ಕೋಟೆಯನ್ನು ಗೆದ್ದು ಕಾವೇರಿಯನ್ನು ದಾಟಿದ್ದನು. ಇನ್ನೇನು ಗೆಲುವು ಕೈಸೇರಿತೆನ್ನುವಾಗ ರಾಜಧಾನಿಯಿಂದ ಹಿಂದಿರುಗಬೇಕೆಂಬ ಕರೆ ಬಂದಿತು. ದಂಗೆ ಎದ್ದಿತ್ತು, ಅದರಲ್ಲಿ ಅರಸನ ಮಗನೇ ಸೇರಿಕೊಂಡಿದ್ದನು. ಮೂರು ತಿಂಗಳೊಳಗಾಗಿ ಶತ್ರುಗಳನ್ನು ಅಡಗಿಸದಿದ್ದರೆ ಬೆಂಕಿಯನ್ನು ಪ್ರವೇಶಿಸುವೆನೆಂದು ಬಂಕೆಯನು ಪ್ರತಿಜ್ಞೆ ಮಾಡಿ ಹಿಂದಿರುಗಿ, ದಂಗೆಯನ್ನು ಮುರಿದನು.

ತಂದೆಯ ವಿರುದ್ಧ ನಿಂತ ಆ ಮಗನು ಯಾರು? ಮುಂದೆ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣನೇ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ನಿಜವಾಗಿದ್ದರೆ, ದಂಗೆಯ ಮಗನನ್ನು ಕೊಲ್ಲಿಸುವುದೂ ಸೆರೆಯಲ್ಲಿ ಕೊಳೆಸುವುದೂ ಅರಸುಮನೆತನಗಳ ವಾಡಿಕೆಯಾಗಿದ್ದ ಕಾಲದಲ್ಲಿ, ನೃಪತುಂಗನು ಮಗನನ್ನು ಕ್ಷಮಿಸಿ ರಾಜ್ಯಕ್ಕೆ ಉತ್ತರಾಧಿಕಾರಿಯಾಗಿ ಉಳಿಸಿಕೊಂಡನೆಂದು ತಿಳಿಯಬೇಕು. ತಾನು ಹುಡುಗನಾಗಿದ್ದಾಗ ನೆಂಟರ ದ್ರೋಹವನ್ನೂ ನೆಂಟನೊಬ್ಬನ ನಿಷ್ಠೆಯನ್ನೂ ಕಂಡಿದ್ದವನು ಆತನು.

ಈ ಕ್ಷಮೆಯು ಆತನ ರಾಜನೀತಿಯಲ್ಲಿಯೂ ಕಾಣುತ್ತದೆ. ಗಂಗರನ್ನು ನಿರ್ನಾಮ ಮಾಡುವ ಹಠವನ್ನು ಬಿಟ್ಟು, ಮಗಳಾದ ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ಬಹುಕಾಲದ ವೈರವು ಬೀಗತನದಲ್ಲಿ ಕೊನೆಗೊಂಡಿತು. ಕಂಚಿಯ ಪಲ್ಲವ ಅರಸನಾದ ಮೂರನೆಯ ನಂದಿವರ್ಮನ ರಾಣಿ ಶಂಖಾ ಎಂಬವಳೂ ರಾಷ್ಟ್ರಕೂಟರ ಮನೆಯ ಹೆಣ್ಣು. ಅವಳ ಮಗನಿಗೆ ನೃಪತುಂಗವರ್ಮನೆಂದು ಹೆಸರು. ತಾಯಿಯ ತಂದೆಯ ಹೆಸರನ್ನೇ ಮಗುವಿಗೆ ಇಟ್ಟರೆಂದು ವಿದ್ವಾಂಸರು ಊಹಿಸುತ್ತಾರೆ. ಲಾಟದ ಶಾಖೆಯೊಡನೆಯೂ 860ರ ಸುಮಾರಿಗೆ ಸಂಧಿಯಾಯಿತು. ಗೋವಿಂದನು ಗೆದ್ದ ನಾಡುಗಳಲ್ಲಿ ಕೆಲವು ಕೈಬಿಟ್ಟುಹೋದುವು, ಆದ್ದರಿಂದ ನೃಪತುಂಗನು ದುರ್ಬಲನೆಂದು ಹೇಳುವ ಚರಿತ್ರಕಾರರೂ ಇದ್ದಾರೆ. ಗೆದ್ದ ಮೊಳ ಭೂಮಿಯನ್ನು ಲೆಕ್ಕಹಾಕುವುದಾದರೆ ಅವರ ಮಾತು ಸರಿಯೇ. ಆದರೆ ತಂದೆಯು ಬಿಟ್ಟುಹೋದ ಅಷ್ಟೊಂದು ಶತ್ರುಗಳ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಾಜ್ಯವನ್ನು ಒಡೆಯದಂತೆ ಉಳಿಸಿದುದು ಸಣ್ಣ ಶಕ್ತಿಯಲ್ಲ. ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಶಿರೂರಿನಲ್ಲಿ 866ರ ಒಂದು ಕಲ್ಬರಹವಿದೆ. ಆತನ ಆಳಿಕೆಯ 52ನೆಯ ವರ್ಷದ ಆ ಶಾಸನವು ಅಂಗ, ವಂಗ, ಮಗಧ, ಮಾಳವ, ವೆಂಗಿಗಳ ಅರಸರು ಆತನನ್ನು ಗೌರವಿಸುತ್ತಿದ್ದರೆಂದು ಹೇಳುತ್ತದೆ. ಶಾಸನಕವಿಯ ಉತ್ಸಾಹವನ್ನು ಸ್ವಲ್ಪ ಕಳೆದರೂ, ಉಳಿಯುವ ಸತ್ಯವು ದೊಡ್ಡದೇ.

ಹೊರಗಿನವರ ಸಾಕ್ಷ್ಯವೂ ಒಂದಿದೆ. 851ರಲ್ಲಿ ರಚಿತವಾದ ಅರಬ್ಬೀ ಪ್ರವಾಸವೃತ್ತಾಂತವೊಂದು ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಲೋಕದ ನಾಲ್ವರು ಮಹಾರಾಜರನ್ನು ಅದು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ವಲ್ಲಭರಾಜನೆಂಬ ರಾಷ್ಟ್ರಕೂಟ ಬಿರುದೇ ಅರಬ್ಬರ ಬಾಯಲ್ಲಿ ಬಲ್ಹರಾ ಆಗಿದೆ. ಬಲ್ಹರಾ ತನ್ನ ಸೈನಿಕರಿಗೆ ಕ್ರಮವಾಗಿ ಸಂಬಳ ಕೊಡುತ್ತಾನೆ, ಅರಬ್ ವರ್ತಕರನ್ನು ಪ್ರೀತಿಯಿಂದ ಕಾಣುತ್ತಾನೆ ಎಂದೂ ಅಲ್ಲಿ ಹೇಳಿದೆ. ಈ ಅರಸರು ಐವತ್ತು ವರ್ಷಗಳಷ್ಟು ದೀರ್ಘಕಾಲ ಆಳುವುದಕ್ಕೆ ಅರಬ್ಬರ ಮೇಲೆ ಅವರಿಟ್ಟಿರುವ ಪ್ರೀತಿಯೇ ಕಾರಣವೆಂದು ಅಲ್ಲಿಯ ಜನರು ನಂಬುತ್ತಿದ್ದರಂತೆ! ಸುಲೈಮಾನ ಎಂಬುದು ಸೊಲೊಮೋನನ ಹೆಸರಿನ ಅರಬ್ಬೀ ರೂಪ. ಆ ವಿವೇಕಿ ಅರಸನ ಹೆಸರನ್ನು ಹೊತ್ತ ಪರದೇಶದ ವರ್ತಕನು ನಮ್ಮ ನಾಡಿನ ವಿವೇಕಿ ಅರಸನಿಗೆ ಸಾಕ್ಷಿ ಹೇಳಿದುದು ಸೊಗಸಾದ ಆಕಸ್ಮಿಕ.

ನೃಪತುಂಗನು ರಾಜಧಾನಿಯನ್ನು ಮಾನ್ಯಖೇಟದಲ್ಲಿ ಬೆಳೆಸಿದನು. ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಡದ ಮಳಖೇಡವೇ ಅದು. ಇಂದ್ರನ ನಗರಿಯನ್ನು ನಾಚಿಸುವಂತಹ ಪಟ್ಟಣವೆಂದು ಮುಂದಿನ ತಾಮ್ರಶಾಸನಗಳು ಅದನ್ನು ಹೊಗಳುತ್ತವೆ. ಅರಮನೆಗಿಂತ ಆ ಕಾಲದ ವಿದ್ವಾಂಸರೇ ಅದರ ನಿಜವಾದ ವೈಭವ. ಆದಿಪುರಾಣವನ್ನು ಬರೆದ ಜಿನಸೇನಾಚಾರ್ಯರು ಅರಸನ ಗುರುಗಳು. ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟಿದ್ದ ಜಯಧವಳ ಟೀಕೆಯನ್ನು ಅವರು 837ರಲ್ಲಿ ಪೂರ್ಣಗೊಳಿಸಿದರು. ಜಿನಸೇನರ ಪಾದಗಳಿಗೆರಗಿದ ದಿನ ನೃಪತುಂಗನು ತಾನು ಪವಿತ್ರನಾದೆನೆಂದು ಭಾವಿಸಿದನೆಂದು ಅವರ ಶಿಷ್ಯ ಗುಣಭದ್ರರು ಬರೆದಿದ್ದಾರೆ. ವ್ಯಾಕರಣಕಾರ ಶಾಕಟಾಯನನು ತನ್ನ ವೃತ್ತಿಗೆ ಅಮೋಘವೃತ್ತಿಯೆಂದು ಅರಸನ ಹೆಸರನ್ನೇ ಇಟ್ಟನು. ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಈ ಅರಸನ ಕಾಲದಲ್ಲಿಯೇ ರಚಿಸಿ, ಆರಂಭದಲ್ಲಿ ಆತನನ್ನು ಕೊಂಡಾಡಿದ್ದಾನೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಗ್ರಂಥವದು. ಗಣಿತದ ತರಗತಿಯಲ್ಲಿ ನೀವು ಈ ಮಾತನ್ನು ಕೇಳುವಾಗ ಮಾನ್ಯಖೇಟವನ್ನು ನೆನೆಯಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡಿಗರು ಈ ಅರಸನಿಗೆ ಋಣಿಗಳಾಗಿರುವುದು ಕವಿರಾಜಮಾರ್ಗದಿಂದಾಗಿ. ಸುಮಾರು 850ರ ಈ ಗ್ರಂಥವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಇದನ್ನು ನೃಪತುಂಗನೇ ಬರೆದನೋ, ಆತನ ಸಭೆಯ ಶ್ರೀವಿಜಯನು ಅರಸನ ಅನುಮತಿಯಿಂದ ಬರೆದನೋ ಎಂಬ ಚರ್ಚೆಯು ಬಹುಕಾಲ ನಡೆದಿದೆ. ಶ್ರೀವಿಜಯನ ಪಕ್ಷವೇ ಇಂದು ಬಲವಾಗಿದೆ. ಹಾಗಾದರೆ ಅರಸನ ಕೀರ್ತಿಯು ಕುಂದಿತೇ? ಸಂಸ್ಕೃತ ಪ್ರಾಕೃತಗಳೇ ವಿದ್ಯೆಯ ಭಾಷೆಗಳಾಗಿದ್ದ ಕಾಲದಲ್ಲಿ, ಜನರ ನುಡಿಯಾದ ಕನ್ನಡದಲ್ಲಿ ಕಾವ್ಯ ಬರೆಯುವವರಿಗೆ ದಾರಿ ತೋರಿಸುವ ಗ್ರಂಥವೊಂದು ಹುಟ್ಟಲು ಬೇಕಾದ ಮನ್ನಣೆಯನ್ನು ಕೊಟ್ಟವನು ಆತನಲ್ಲವೇ? ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದರೂ, ಗ್ರಂಥದ ಕಣ್ಣು ತನ್ನ ನಾಡಿನ ಮೇಲಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿದೆಯೆಂದು ಅದು ಸಾರುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಣ ನಾಡಿನ ನುಡಿಯನ್ನು ಕನ್ನಡದ ತಿರುಳೆಂದು ಎಣಿಸುತ್ತದೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ ಇವೇ ಆ ಊರುಗಳು. ನಮ್ಮ ಉತ್ತರ ಕರ್ನಾಟಕದ ಮಕ್ಕಳು ತಮ್ಮ ಮಾತಿನ ಬಗೆಗೆ ಅಳುಕುವಾಗ ಈ ಪ್ರಮಾಣವನ್ನು ಮುಂದಿಡಬಹುದು. ವಿಧಿವತ್ತಾಗಿ ಓದದ ಸಾಮಾನ್ಯ ಜನರಿಗೂ ಕಾವ್ಯವನ್ನು ಬಳಸುವ ಚತುರತೆಯಿದೆಯೆಂದು ರಾಜಾಸ್ಥಾನದ ಗ್ರಂಥವೊಂದು ಒಪ್ಪಿಕೊಂಡಿರುವುದು ಸಾಮಾನ್ಯ ಸಂಗತಿಯಲ್ಲ. ಮತ್ತೊಬ್ಬರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ದೊಡ್ಡ ಸಂಪತ್ತೆಂಬ ಭಾವವೂ ಅದರಲ್ಲಿಯೇ ಇದೆ.

ಆ ಭಾವವನ್ನು ಅರಸನು ಬಾಳಿನಲ್ಲಿಯೂ ತೋರಿದನು. ಜೈನ ಮುನಿಯ ಶಿಷ್ಯನಾದ ಆತನು 871ರಲ್ಲಿ ಬರೆಯಿಸಿದ ಸಂಜಾನದ ತಾಮ್ರಶಾಸನವು ವಿಷ್ಣು ಶಿವರ ಸ್ತುತಿಯಿಂದ ಆರಂಭವಾಗುತ್ತದೆ. ಅದರ ಮೂಲಕ ಕೊಟ್ಟ ದತ್ತಿಯು ವೈದಿಕ ಬ್ರಾಹ್ಮಣರಿಗೆ. ಅದೇ ಶಾಸನದಲ್ಲಿ, ಓದಿದವರು ಮರೆಯಲಾಗದ ಒಂದು ಸಂಗತಿ ಬರುತ್ತದೆ. ಒಮ್ಮೆ ಪ್ರಜೆಗಳಿಗೆ ಮಹಾವಿಪತ್ತು ಒದಗಿತು. ಅದು ಕ್ಷಾಮವೋ ರೋಗವೋ ಶಾಸನವು ಹೇಳುವುದಿಲ್ಲ. ಅದನ್ನು ಪರಿಹರಿಸಬೇಕೆಂದು ಅರಸನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನು. ಆ ದೇವಿಯು ಕೊಲ್ಹಾಪುರದ ಮಹಾಲಕ್ಷ್ಮಿಯೆಂದು ವಿದ್ವಾಂಸರು ಹೇಳುತ್ತಾರೆ. ಶಿಬಿ, ದಧೀಚಿ, ಜೀಮೂತವಾಹನರ ತ್ಯಾಗವನ್ನು ಶಾಸನಕವಿಯು ಇಲ್ಲಿ ನೆನೆದು, ಅವರಿಗಿಂತ ಈತನೇ ಹೆಚ್ಚೆನ್ನುತ್ತಾನೆ. ಅಣ್ಣನನ್ನು ಕೊಂದು ರಾಜ್ಯವನ್ನು ಕಸಿದುಕೊಂಡು ದಾನಿಯೆನಿಸಿದ ಗುಪ್ತವಂಶದ ಅರಸನೊಬ್ಬನನ್ನು ಹಳಿದು, ತನ್ನ ದೊರೆಯಾದರೋ ರಾಜ್ಯವನ್ನೇ ಒಂದಕ್ಕಿಂತ ಹೆಚ್ಚು ಸಲ ಬಿಟ್ಟವನೆಂದು ಹೇಳುತ್ತಾನೆ. ಬೆರಳನ್ನು ಕತ್ತರಿಸುವುದರಿಂದ ಕ್ಷಾಮ ರೋಗಗಳು ತೊಲಗುವುದಿಲ್ಲವೆಂದು ಇಂದು ನಮಗೆ ಗೊತ್ತು. ಪ್ರಜೆಗಳ ದುಃಖಕ್ಕೆ ಅರಸನು ಪ್ರಾಣಿಗಳನ್ನೋ ಆಳುಗಳನ್ನೋ ಬಲಿಗೊಡದೆ ತನ್ನ ಮೈಯನ್ನೇ ಮುಂದೊಡ್ಡಿದನೆಂಬುದು ಗಮನಿಸತಕ್ಕ ವಿಷಯ. ಪ್ರಜೆಗಳ ಬೆವರಿನಿಂದ ದೇವಾಲಯವನ್ನೆತ್ತಿಸಿದ ಸೊಲೊಮೋನನೊಡನೆ ಆತನನ್ನು ಹೋಲಿಸಿ ನೋಡುವುದು ಇಲ್ಲಿ ಅನಿವಾರ್ಯವಾಗುತ್ತದೆ.

ಸೊಲೊಮೋನನ ಹೆಸರಿನಲ್ಲಿ ಜ್ಞಾನೋಕ್ತಿಗಳ ಸಂಗ್ರಹವೊಂದು ಇರುವಂತೆ ನೃಪತುಂಗನ ಹೆಸರಿನಲ್ಲಿಯೂ ಒಂದು ಚಿಕ್ಕ ಸಂಸ್ಕೃತ ಗ್ರಂಥವಿದೆ. ಪ್ರಶ್ನೋತ್ತರ ರತ್ನಮಾಲಿಕೆಯೆಂದು ಅದರ ಹೆಸರು. ಬಾಳಿನಲ್ಲಿ ಹಿಡಿಯತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬಂತಹ ಪ್ರಶ್ನೆಗಳಿಗೆ ಅಲ್ಲಿ ಎರಡು ಮೂರು ಪದಗಳ ಉತ್ತರಗಳಿವೆ. ಇದನ್ನು ಶಂಕರಾಚಾರ್ಯರದೆಂದು ಹೇಳುವವರಿದ್ದಾರೆ, ವಿಮಲನೆಂಬ ಕವಿಯದೆಂದು ಹೇಳುವವರೂ ಇದ್ದಾರೆ. ಆದರೆ ಗ್ರಂಥದ ಕೆಲವು ಪ್ರತಿಗಳ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ಇದನ್ನು ರಚಿಸಿದನೆಂಬ ಮಾತಿದೆ. ದೂರದ ಟಿಬೆಟ್ಟಿನ ಭಾಷೆಗೆ ಆದ ಅನುವಾದವೂ ಕರ್ತೃವನ್ನು ಅಮೋಘವರ್ಷನೆಂದೇ ಕರೆಯುತ್ತದೆ. ವೃದ್ಧಾಪ್ಯದಲ್ಲಿ ಆತನು ಆಗಾಗ ರಾಜ್ಯಭಾರವನ್ನು ಇತರರಿಗೆ ಒಪ್ಪಿಸಿ ಧ್ಯಾನದಲ್ಲಿ ಕಾಲ ಕಳೆಯುತ್ತಿದ್ದನು; ರಾಜಕಾರ್ಯವು ಕರೆದಾಗ ಮರಳಿ ಬರುತ್ತಿದ್ದನು. ಹುಡುಗನಾಗಿದ್ದಾಗ ಪರರು ಕಸಿದುಕೊಂಡಿದ್ದ ಸಿಂಹಾಸನದಿಂದ ಮುದುಕನಾದ ಮೇಲೆ ಆತನು ತಾನಾಗಿಯೇ ಇಳಿದನು. 878ರ ಹೊತ್ತಿಗೆ ಆತನ ಆಳಿಕೆಯು ಮುಗಿದು, ಇಮ್ಮಡಿ ಕೃಷ್ಣನು ಅರಸನಾದನು. ರಾಜ್ಯವು ಒಡೆಯಲಿಲ್ಲ. ಬಂಕೆಯನ ಮಗ ಲೋಕಾದಿತ್ಯನು ಕೃಷ್ಣನ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತ ಬಂಕಾಪುರದಲ್ಲಿದ್ದನು. ಗುಣಭದ್ರರ ಉತ್ತರಪುರಾಣವು 898ರಲ್ಲಿ ಅಲ್ಲಿಯೇ ಪೂಜೆಗೊಂಡಿತು.

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷಗಳಲ್ಲಿ ರಾಷ್ಟ್ರಕೂಟರ ರಾಜ್ಯವೇ ಅಳಿಯಿತು. ಇಂದು ಮಳಖೇಡಕ್ಕೆ ಹೋದವರಿಗೆ ಕಾಗಿಣಾ ನದಿಯ ದಡದಲ್ಲಿ ಒಂದು ಹಳೆಯ ಕೋಟೆಯೂ ಊರೊಳಗೆ ಒಂದು ಬಸದಿಯೂ ಕಾಣಸಿಗುತ್ತವೆ. ಇಂದ್ರನ ನಗರಿಯನ್ನು ನಾಚಿಸಿದ ಅರಮನೆಯ ಗುರುತಿಲ್ಲ. ತಾಳೆಗರಿಯ ಪ್ರತಿಗಳಲ್ಲಿ ಉಳಿದಿದ್ದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ಸಂಪಾದಿಸಿ, 1898ರಲ್ಲಿ ಬೆಂಗಳೂರಿನಲ್ಲಿ ಮೊತ್ತಮೊದಲು ಅಚ್ಚುಹಾಕಿಸಿದರು.